ಸದ್ದಿಲ್ಲದ ಪೆಟ್ಟಿಗೆ

ನಮ್ಮ ಮನೆಯ ಹಾಲಿನಲ್ಲಿ, ಟಿವಿಯ ಕೆಳಗೆ, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಇದೆ. ಬಂದವರು ಅದನ್ನು ಸ್ಟೆಬಿಲೈಸರ್ ಅಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಅದು ಕಂಪ್ಯೂಟರು, ನಾನೇ ಕೈಯಾರೆ ಜೋಡಿಸಿದ್ದು, ಅದರೊಳಗೆ ತಿರುಗುವಂಥದ್ದು ಒಂದೂ ಇಲ್ಲ, ಅದಕ್ಕೇ ಸದ್ದು ಮಾಡುವುದಿಲ್ಲ ಎಂದು ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದ ಕಾಲ ಒಂದಿತ್ತು. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ಅದನ್ನು ಕಟ್ಟಿದ್ದು ಅಪ್ಪನಿಗೋಸ್ಕರ. ಅಪ್ಪ ಮೈಸೂರಿನ ಮೇಟಗಳ್ಳಿಯ ಒಂದು ಕಾರ್ಖಾನೆಯ ಪ್ರೆಸ್ ಷಾಪಿನಲ್ಲಿ ದುಡಿದು ನಿವೃತ್ತರಾದವರು. ತಗಡನ್ನು ಗುದ್ದಿ ಆಕಾರ ಕೊಡುವ ದೊಡ್ಡ ಯಂತ್ರಗಳ ನಡುವೆ ಪ್ರಾಯವನ್ನೆಲ್ಲ ಕಳೆದು, ಹೊರಬರುವಾಗ ಕಿವಿಯನ್ನು ಅಲ್ಲೇ ಬಿಟ್ಟು ಬಂದರು. ಪೂರ್ತಿ ಕಿವುಡೇನಲ್ಲ. ಎದುರಿಗೆ ನಿಂತು ಜೋರಾಗಿ ಮಾತಾಡಿದರೆ ಕೇಳುತ್ತದೆ. ಮಿಕ್ಸಿ ಕೇಳುತ್ತದೆ, ಬಸ್ಸಿನ ಹಾರನ್ ಕೇಳುತ್ತದೆ. ಮೆಲುದನಿ ಮಾತ್ರ ಅವರ ಮಟ್ಟಿಗೆ ಈ ಲೋಕದಲ್ಲೇ ಇಲ್ಲ. ಅಮ್ಮ ಮಾತಾಡುತ್ತಿದ್ದುದೇ ಮೆಲುದನಿಯಲ್ಲಿ. ಹಾಗಾಗಿ ಅವರಿಬ್ಬರ ಕೊನೆಯ ವರ್ಷಗಳ ಸಂಸಾರ ಹೆಚ್ಚುಕಮ್ಮಿ ‘ಆಂ?’ ಎಂಬ ಒಂದೇ ಅಕ್ಷರದಲ್ಲಿ ನಡೆಯಿತು. ಅಮ್ಮ ಹೇಳಿದ್ದನ್ನೇ ಮತ್ತೆ ಹೇಳಿ ಬೇಸತ್ತು, ಆಮೇಲಾಮೇಲೆ ಹೇಳುವುದನ್ನೇ ಕಡಿಮೆ ಮಾಡಿದಳು.

ಅಮ್ಮನ ವರ್ಷದ ಕಾರ್ಯಕ್ಕೆ ಬಂದಿದ್ದ ಚಿಕ್ಕಮ್ಮ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಅಪ್ಪನ ಹತ್ತಿರ ಕೂತು ಒಂದು ಮಾತು ಹೇಳಿದರು. ಅಪ್ಪನಿಗೆ ಕೇಳಲಿ ಎಂದು ಕೂಗಿಯೇ ಹೇಳಿದರು.

‘ಭಾವ, ಮಗಳ್ ಮದ್ವೇಲಿ ನಮ್ಮಕ್ಕ ಎಷ್ಟ್ ಚೆಂದಾಗ್ ಹಾಡುದ್ಳು, ನೆಪ್ಪೈತಾ?’

‘ಯಾರು?’

‘ನಮ್ಮಕ್ಕ. ಹಸೆಗೆ ಕರಿಯೋವಾಗ.’

‘ಅವ್ಳು ಹಾಡ್ತಿದ್ಳಾ?’ ಎಂದರು ಅಪ್ಪ.

ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅಮ್ಮ ಅಡುಗೆಮನೆಯಲ್ಲಿ ಗುನುಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಅಪ್ಪ ಮನೆಯಲ್ಲಿದ್ದರೆ ಗುನುಗುತ್ತಿರಲಿಲ್ಲ. ಏನೋ ಸಂಕೋಚ. ನನ್ನ ಅಕ್ಕನ ಮದುವೆಯ ದಿನ ಮಠದ ಸಮುದಾಯ ಭವನದಲ್ಲಿ ಹೆಂಗಸರೆಲ್ಲ ಸೇರಿ ಬಲವಂತ ಮಾಡಿದಾಗ, ಅಪ್ಪ ಹಿಂದುಗಡೆ ಅಡುಗೆಯವರ ಹತ್ತಿರ ಇದ್ದಾರೆ ಎಂದು ಖಾತ್ರಿ ಮಾಡಿಕೊಂಡೇ ಹಾಡಿದ್ದಳು. ಅಪ್ಪನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಹೆಂಡತಿ ಹಾಡುತ್ತಿದ್ದಳು ಎಂಬುದು ಅವಳು ಹೋದ ಮೇಲೆ ತಿಳಿದರೆ ಹೇಗಿರುತ್ತದೋ, ನನಗೆ ಊಹಿಸಲಾಗುವುದಿಲ್ಲ. ಅವತ್ತು ರಾತ್ರಿ ಅಪ್ಪ ಮಲಗುವ ಮುಂಚೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತು ಕೇಳಿದರು, ‘ಅವತ್ತಿಂದು ವಿಡಿಯೋ ಕ್ಯಾಸೆಟ್ ಇತ್ತಲ್ಲ ಮಗ, ಐತಾ?’

ಇತ್ತು. ಬೀರುವಿನ ತಳದಲ್ಲಿ, ಅಕ್ಕನ ಮದುವೆಯ ಕರೆಯೋಲೆಗಳ ಜೊತೆ. ಬೂಸ್ಟು ಹಿಡಿದಿತ್ತು. ಲಕ್ಷ್ಮೀಪುರಂನಲ್ಲಿ ಒಬ್ಬ ಹಳೆಯ ಸ್ಟುಡಿಯೋದವನ ಹತ್ತಿರ ಇನ್ನೂ ವಿಸಿಆರ್ ಇದೆಯೆಂದು ಯಾರೋ ಹೇಳಿದರು. ಅವನು ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, ‘ಒಂದ್ಸಲ ಓಡ್ಬೋದು ಸಾರ್, ಎರಡ್ನೇ ಸಲ ಗ್ಯಾರಂಟಿ ಇಲ್ಲ’ ಎಂದ. ಒಂದು ಸಲ ಓಡಿತು. ಅಷ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಇನ್ನೂ ಚೆನ್ನಾಗಿ ಬರುತ್ತದೇನೋ ಎಂದು ಎರಡನೇ ಸಲ ಹಾಕಿದಾಗ ಟೇಪು ನುಜ್ಜುಗುಜ್ಜಾಗಿ ಹೊರಗೆ ಬಂತು. ಬಂದಿದ್ದನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟ. ಮನೆಗೆ ತಂದು ನನ್ನ ಕಂಪ್ಯೂಟರಿಗೆ ಹಾಕಿಕೊಂಡು ಡ್ರೈವನ್ನು ಅವನಿಗೆ ವಾಪಸು ಕೊಟ್ಟೆ. ಅವನ ಯಂತ್ರದಲ್ಲಿ ಇದ್ದುದನ್ನು ಬೇರೆಯವರ ಮದುವೆಗಳಿಗೆ ಜಾಗ ಬೇಕೆಂದು ಅಳಿಸಿದನಂತೆ. ಅವನ ತಪ್ಪೇನೂ ಇಲ್ಲ, ಅಲ್ಲಿ ದಿನಾ ಯಾರದಾದರೂ ಮದುವೆ ಬಂದು ಬೀಳುತ್ತಲೇ ಇರುತ್ತದೆ.

ಆಗ ಮನೆಯಲ್ಲಿದ್ದುದು ಹಳೆಯ ಡೆಸ್ಕ್‌ಟಾಪು. ಅದರ ಫ್ಯಾನು ತಿರುಗಲು ಶುರುಮಾಡಿದರೆ ಪಕ್ಕದ ಟ್ಯುಟೋರಿಯಲ್‌ನ ಹುಡುಗರೂ ಒಮ್ಮೆ ಕಿಟಕಿಯಿಂದ ಇಣುಕುತ್ತಿದ್ದರು. ಅದನ್ನೇ ಟಿವಿಗೆ ಸಿಕ್ಕಿಸಿ, ಅಪ್ಪನನ್ನು ಕೂರಿಸಿ, ಆ ಭಾಗ ಹಾಕಿದೆ. ಹಸೆಮಣೆ, ಅಕ್ಕ, ಸುತ್ತ ಹೆಂಗಸರು, ಅವರ ನಡುವೆ ಸೆರಗಿನ ತುದಿ ಹಿಡಿದುಕೊಂಡು, ನೆಲ ನೋಡುತ್ತ ಹಾಡುತ್ತಿರುವ ಅಮ್ಮ. ಮಕ್ಕಳ ಗಲಾಟೆ, ಪಾತ್ರೆಯ ಸದ್ದು, ಓಲಗದವರು ಶ್ರುತಿ ಮಾಡಿಕೊಳ್ಳುವ ಸದ್ದು. ಅದೆಲ್ಲದರ ಕೆಳಗೆ ಎಲ್ಲೋ ಒಂದು ದಾರದಷ್ಟು ಅಮ್ಮನ ದನಿ. ನನಗೇ ಕಷ್ಟಪಟ್ಟು ಸಿಕ್ಕಿತು. ಅಪ್ಪ ಟಿವಿಗೆ ಕಿವಿಯಿಟ್ಟು, ಆಮೇಲೆ ನನ್ನ ಕಂಪ್ಯೂಟರಿನ ಕಡೆ ತಿರುಗಿ ಹೇಳಿದರು.

‘ಯಾವ್ದೋ ಮಿಲ್ಲು ಓಡ್ತಾ ಐತಲ್ಲೋ ಇಲ್ಲಿ. ಅವ್ಳೆಲ್ಲಿ?’

ನನಗೆ ಆ ಡಬ್ಬವನ್ನು ಎತ್ತಿ ರಸ್ತೆಗೆ ಬಿಸಾಡುವಷ್ಟು ಸಿಟ್ಟು ಬಂತು. ನನಗೆ ಮೊದಲಿನಿಂದಲೂ ಸದ್ದೆಂದರೆ ಆಗುವುದಿಲ್ಲ. ಸದ್ದಿನಲ್ಲೇ ಬದುಕಿದ ಅಪ್ಪನ ಮಗನಾಗಿ ನನಗೆ ಈ ಕಾಯಿಲೆ ಹೇಗೆ ಅಂಟಿತೋ. ಸರಸ್ವತಿಪುರಂನ ಈ ರಸ್ತೆಯಲ್ಲಿ ಆಟೋಗಳನ್ನೂ ಟ್ಯುಟೋರಿಯಲ್ ಬಿಡುವ ಹೊತ್ತನ್ನೂ ಬೈದುಕೊಂಡೇ ನನ್ನ ಅರ್ಧ ಆಯುಷ್ಯ ಮುಗಿದಿದೆ. ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವನು, ಬೆಸುಗೆ ಹಾಕಲು ಬರುತ್ತದೆ, ಒಂದು ಸದ್ದಿಲ್ಲದ ಕಂಪ್ಯೂಟರು ಕಟ್ಟಲು ಆಗುವುದಿಲ್ಲವೇ ಎಂದು ಹಟ ಹಿಡಿದೆ. ‘ಸ್ವಲ್ಪ ದಿನ ತಡೀರಿ ಅಪ್ಪಾ’ ಎಂದೆ. ‘ಬರೀ ಅಮ್ಮನ ದನಿ ಕೇಳೋ ಹಂಗೆ ಮಾಡ್ಕೊಡ್ತೀನಿ. ಬೇರೆ ಒಂದ್ ಸದ್ದೂ ಇರಲ್ಲ.’

ಈ ಮಾತನ್ನು ಎಷ್ಟು ಜೋರಾಗಿ ಹೇಳಿದೆನೆಂದರೆ ಅಪ್ಪನಿಗೆ ಒಂದೇ ಸಲಕ್ಕೆ ಕೇಳಿಸಿತು.

ಅಂಗೈಗಿಂತ ಸ್ವಲ್ಪ ದೊಡ್ಡದಾದ ಚೌಕದ ಮದರ್‌ಬೋರ್ಡು ತರಿಸಿದೆ. ಹೆಚ್ಚು ಬಿಸಿಯಾಗದ, ಹಾಗಾಗಿ ಹೆಚ್ಚು ಚುರುಕೂ ಅಲ್ಲದ ಪ್ರೊಸೆಸರ್ ಹಾಕಿದೆ. ಮೊದಲು ನಿಧಾನವಾಗಿ ತಿರುಗುವ ಒಂದು ದೊಡ್ಡ ಫ್ಯಾನು ಕೂರಿಸಿದೆ, ಅದೂ ಮೆಲ್ಲಗೆ ಗುಂಯ್ ಅನ್ನುತ್ತಿತ್ತು. ಕಿತ್ತೆ. ಅದರ ಬದಲು ಪೆಟ್ಟಿಗೆಯ ಮೈಯೇ ಬಿಸಿಯನ್ನು ಹೀರಿಕೊಂಡು ಗಾಳಿಗೆ ಬಿಡುವಂಥ, ಗೀರುಗೀರಾದ ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆ ಹುಡುಕಿ ತಂದೆ. ತಿರುಗುವ ಹಾರ್ಡ್ ಡಿಸ್ಕು ಕಟಕಟ ಅನ್ನುತ್ತದೆಂದು ಅದೂ ಬೇಡವೆಂದೆ. ಚಲನೆಯೇ ಇಲ್ಲದ ಸಣ್ಣ ಡಿಸ್ಕು ಹಾಕಿದೆ. ಒಳಗಿದ್ದ ಪವರ್ ಸಪ್ಲೈ ತೆಗೆದು ಲ್ಯಾಪ್‌ಟಾಪಿನದರಂತೆ ಹೊರಗೆ ಅಡಾಪ್ಟರ್ ಕೊಟ್ಟೆ. ಹಾಲಿನಲ್ಲೇ ಮಲಗುವ ಅಪ್ಪ, ಅದರ ನೀಲಿ ದೀಪ ಕಣ್ಣಿಗೆ ಚುಚ್ಚುತ್ತದೆ ಎಂದರು. ಆ ದೀಪದ ತಂತಿಯನ್ನೂ ಕಿತ್ತೆ. ಕರೆಂಟು ಹೋದರೆ ತೊಂದರೆಯಾಗದಿರಲಿ ಎಂದು ಇನ್ವರ್ಟರ್ ಲೈನಿನ ಪ್ಲಗ್ಗಿಗೇ ಸಿಕ್ಕಿಸಿದೆ. ಎಲ್ಲ ಮುಗಿದ ಮೇಲೆ ಬಟನ್ ಒತ್ತಿ ಕೂತರೆ, ಟಿವಿಯಲ್ಲಿ ಚಿತ್ರ ಬರುವ ತನಕ ಅದಕ್ಕೆ ಜೀವವಿದೆಯೋ ಇಲ್ಲವೋ ನನಗೂ ತಿಳಿಯಲಿಲ್ಲ.

‘ನಿಮ್ ಪೆಟ್ಗೆ ಉಸಿರಾಡ್ತಾ ಇದ್ಯಾ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡ್ಬೇಕು ಕಣ್ರೀ’ ಎಂದು ನನ್ನ ಹೆಂಡತಿ ನಕ್ಕಳು.

ನಾನೂ ನಕ್ಕೆ. ಹೆಮ್ಮೆಯಿಂದ ಉಬ್ಬಿಹೋಗಿದ್ದೆ. ಹಳೆಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಹಾಕಿಕೊಂಡು, ಹಳೆಯದನ್ನು ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಂಡೆ.

ಆಗಲೇ ಅಪ್ಪನಿಗೆ ಆ ಹಾಡು ಹಾಕಿಬಿಡಬಹುದಿತ್ತು. ಮಕ್ಕಳ ಗಲಾಟೆಯ ಜೊತೆಗೇ, ಪಾತ್ರೆಯ ಸದ್ದಿನ ಜೊತೆಗೇ, ಎಷ್ಟು ಕೇಳಿಸುತ್ತಿತ್ತೋ ಅಷ್ಟು. ಆದರೆ ನಾನು ಬರೀ ಅಮ್ಮನ ದನಿ ಎಂದು ಮಾತು ಕೊಟ್ಟಿದ್ದೆನಲ್ಲ. ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆ ಮಾಡಿದೆ. ಸಣ್ಣ ಡಿಸ್ಕಿನಲ್ಲಿ ಜಾಗ ಸಾಲದೆ, ಎರಡೂ ಕೂಡಿದ್ದ ಮೂಲವನ್ನು ಅಳಿಸಿದೆ. ಕೆಲಸ ಮುಗಿದ ಮೇಲೆ ಒಂದು ಒಳ್ಳೆಯ ಪ್ರತಿ ಮಾಡಿ ಅಕ್ಕನಿಗೂ ಕಳಿಸಿದರಾಯಿತು ಎಂದುಕೊಂಡೆ. ಆಮೇಲೆ ಧ್ವನಿಯಿಂದ ಒಂದೊಂದೇ ಗದ್ದಲವನ್ನು ತೆಗೆಯುತ್ತಾ ಹೋದೆ. ಕಾಲೇಜಿನಿಂದ ಬಂದು ಕಾಫಿ ಕುಡಿದು ಅದೇ ಕೆಲಸ. ಓಲಗ ಹೋಯಿತು, ಪಾತ್ರೆ ಹೋಯಿತು, ಒಂದು ಮಗುವಿನ ಅಳು ಮಾತ್ರ ಬಹಳ ದಿನ ಸತಾಯಿಸಿತು. ಹೆಡ್‌ಫೋನಿನಲ್ಲಿ ಅಮ್ಮ ದಿನದಿಂದ ದಿನಕ್ಕೆ ಹತ್ತಿರವಾಗುತ್ತಿದ್ದಳು. ಕೊನೆಕೊನೆಗೆ ಅವಳು ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ಒಂದು ಕಡೆ ಸಾಲು ಮರೆತು, ಪಕ್ಕದವರು ಹೇಳಿಕೊಟ್ಟಾಗ ಸಣ್ಣಗೆ ನಕ್ಕು ಮುಂದುವರಿಸಿದ್ದಳು. ನನಗೆ ಅಳು ಬಂತು. ಹಾಗೆಯೇ ಅಪ್ಪನಿಗೂ ಕೇಳಿಸಬೇಕು ಎಂದು ಇನ್ನಷ್ಟು ತಿಕ್ಕಿದೆ.

‘ಆಯ್ತಾ?’ ಎಂದು ಅಪ್ಪ ದಿನಾ ಕೇಳುತ್ತಿದ್ದರು.

‘ಇನ್ನೊಂಚೂರು ಐತೆ ಅಪ್ಪಾ.’

‘ಆಗ್ಲಿ ಬುಡು. ಅವ್ಸರ ಇಲ್ಲ.’

ಮಳೆಗಾಲಕ್ಕೆ ಮುಂಚಿನ ಬೇಸಿಗೆ. ಕೊನೆಯ ಸುತ್ತಿನ ಕೆಲಸವೊಂದು ಉಳಿದಿತ್ತು. ಆ ನಿಧಾನದ ಪ್ರೊಸೆಸರ್ ಅದನ್ನು ಮಾಡಿ ಮುಗಿಸಲು ಒಂದು ಹಗಲು ಬೇಕಾಗಿತ್ತು. ಡಿಸ್ಕಿನಲ್ಲಿ ಜಾಗವಿಲ್ಲದೆ, ಇದ್ದ ಒಂದೇ ಧ್ವನಿಯ ಫೈಲಿನ ಮೇಲೆಯೇ ಅದು ಬರೆಯುತ್ತಿತ್ತು, ನಡುವೆ ನಿಲ್ಲಿಸುವಂತಿರಲಿಲ್ಲ. ಬೆಳಿಗ್ಗೆ ಅದನ್ನು ಶುರುಮಾಡಿ, ಟಿವಿ ಆರಿಸಿ, ಕಾಲೇಜಿಗೆ ಹೋದೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಅಪ್ಪ ಒಬ್ಬರೇ. ಪೆಟ್ಟಿಗೆ ಓಡುತ್ತಿದೆ ಎಂದು ಅವರಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹಳೆಯ ಡೆಸ್ಕ್‌ಟಾಪಾಗಿದ್ದರೆ ಹೇಳುವ ಅಗತ್ಯವೂ ಇರಲಿಲ್ಲ, ಅದೇ ಕೂಗಿ ಹೇಳುತ್ತಿತ್ತು.

ಮಧ್ಯಾಹ್ನ ಕಳೆದ ಮೇಲೆ ಚಾಮುಂಡಿ ಬೆಟ್ಟದ ಕಡೆಯಿಂದ ಕಪ್ಪಾಗಿ ಮೋಡ ಕವಿದು ಗುಡುಗಲು ಶುರುವಾಯಿತು. ನಮ್ಮ ಮನೆಯಲ್ಲಿ ಗುಡುಗಿದರೆ ಪ್ಲಗ್ಗುಗಳನ್ನು ಕೀಳುವುದು ಅಪ್ಪನ ಕೆಲಸ. ನಾನು ಚಿಕ್ಕವನಿದ್ದಾಗ ಒಂದು ಸಿಡಿಲಿಗೆ ಹೊಸ ಟಿವಿ ಸುಟ್ಟುಹೋಗಿತ್ತು. ಅಂದಿನಿಂದ ಮೊದಲ ಗುಡುಗಿಗೇ ಅವರು ಎದ್ದು ಮನೆಯೆಲ್ಲ ಒಂದು ಸುತ್ತು ಬರುತ್ತಾರೆ. ಫ್ರಿಜ್ಜು, ಟಿವಿ, ವಾಷಿಂಗ್ ಮಷಿನ್. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ವೈರನ್ನು ಗೋಡೆಯಿಂದ ದೂರ ಇಡಬೇಕು. ಮೈಸೂರಿನಲ್ಲಿ ಎಷ್ಟೋ ಮನೆಗಳಲ್ಲಿ ಇರುವ ಪದ್ಧತಿಯೇ.

ನಾನು ಸ್ಕೂಟರಿನಲ್ಲಿ ನೆನೆದು ತೊಪ್ಪೆಯಾಗಿ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಒಂದು ಗೆಲುವು.

‘ಏನ್ ಗುಡುಗು ಅಂತೀಯ! ಸಿಡ್ಲು ಗಿಡ್ಲು ಬಡುದ್ರೆ ನಿನ್ ಪೆಟ್ಗೆ ಸುಟ್ಟೋಗ್ಬುಡುತ್ತೆ ಅಂತ ಅದ್ರುದೂ ಪ್ಲಗ್ ಕಿತ್ತಾಕ್ಬುಟ್ಟೆ.’

ನಾನು ಚಪ್ಪಲಿ ಬಿಡುವುದನ್ನು ಮರೆತು ನಿಂತೆ. ಅಪ್ಪ ನನ್ನ ಮುಖದಲ್ಲಿ ಏನು ಕಂಡರೋ, ಸಮಾಧಾನ ಹೇಳುವವರಂತೆ ಮುಂದುವರಿಸಿದರು.

‘ಓಡ್ತಾ ಇತ್ತೇನೋ ಅಂತ ಮೊದ್ಲು ಕೈ ಇಟ್ಟು ನೋಡ್ದೆ ಕಣೋ. ಅದುರ್ತಿರ್ಲಿಲ್ಲ. ಒಸಿ ಬಿಸಿ ಇತ್ತು, ಬೆಳಿಗ್ಗೆ ನೀನು ಓಡ್ಸಿದ್ ಬಿಸಿ ಅಂದ್ಕಂಡೆ. ನಿಂತೈತೆ ಅಂತ ಗೊತ್ತಾದ್ ಮ್ಯಾಲೇ ಕಿತ್ತಿದ್ದು. ಓಡೋ ಮಿಷನ್‌ಗೆ ಕರೆಂಟ್ ತೆಗೀಬಾರ್ದು, ಅಷ್ಟೂ ಗೊತ್ತಿಲ್ವಾ ನಂಗೆ?’

ಅವರು ಹೇಳಿದ್ದು ನಿಜ. ಪ್ರೆಸ್ ಷಾಪಿನ ಆ ಗದ್ದಲದಲ್ಲಿ ಯಾವ ಯಂತ್ರ ಓಡುತ್ತಿದೆ, ಯಾವುದು ನಿಂತಿದೆ ಎಂದು ಕಿವಿಗೆ ತಿಳಿಯುತ್ತಿರಲಿಲ್ಲವಂತೆ. ಅಂಗೈ ಇಟ್ಟು ನೋಡುತ್ತಿದ್ದರು. ಅದುರಿದರೆ ಓಡುತ್ತಿದೆ, ಇಲ್ಲದಿದ್ದರೆ ನಿಂತಿದೆ. ಜೀವಮಾನವಿಡೀ ಅವರನ್ನು ಕಾಪಾಡಿದ ಲೆಕ್ಕ ಅದು. ಆ ಅದುರುವಿಕೆಯನ್ನೇ ನಾನು ತಿಂಗಳುಗಟ್ಟಲೆ ಕೂತು ಒಂದಿಷ್ಟೂ ಉಳಿಯದಂತೆ ತೆಗೆದುಹಾಕಿದ್ದೆ.

ವೈರನ್ನು ಅವರು ಚೊಕ್ಕವಾಗಿ ಸುತ್ತಿ, ದಾರ ಕಟ್ಟಿ, ಪೆಟ್ಟಿಗೆಯ ಮೇಲಿಟ್ಟಿದ್ದರು. ಬಿಚ್ಚಿ, ಸಿಕ್ಕಿಸಿ, ಆನ್ ಮಾಡಿದೆ. ಚಿತ್ರದ ಫೈಲು ಇತ್ತು. ಧ್ವನಿಯ ಫೈಲಿನ ಹೆಸರಷ್ಟೇ ಇತ್ತು. ತೆರೆದರೆ ಒಳಗೆ ಏನೂ ಇರಲಿಲ್ಲ.

ಅಪ್ಪನ ಮೇಲೆ ಸಿಟ್ಟು ಬಂತು. ಇಲ್ಲವೆಂದರೆ ಸುಳ್ಳಾಗುತ್ತದೆ. ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ನಿಂತೆ. ಆಮೇಲೆ ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಅಳಿಸಿಹೋದದ್ದನ್ನು ಹೆಕ್ಕಿಕೊಡುವ ತಂತ್ರಾಂಶಗಳನ್ನೆಲ್ಲ ಓಡಿಸಿದೆ. ಡಿಸ್ಕನ್ನು ಬಿಚ್ಚಿ ಕಾಲೇಜಿಗೆ ಒಯ್ದೆ. ಚಾಮರಾಜನಗರದಲ್ಲಿರುವ ಅಕ್ಕನಿಗೆ ಫೋನು ಮಾಡಿ, ಅವಳ ಹತ್ತಿರ ಬೇರೆ ಕ್ಯಾಸೆಟ್ ಏನಾದರೂ ಇದೆಯೇ ಎಂದು ಕೇಳಿದೆ. ಇರಲಿಲ್ಲ. ಏನಾಯಿತೆಂದು ಹೇಳಿದಾಗ ಅವಳು ‘ಅಪ್ಪುಂಗೆ ಹೇಳ್ಬೇಡ ಕಣೋ’ ಎಂದಳು. ನನ್ನ ಮೊಬೈಲಿನಲ್ಲಿ ಅಮ್ಮನ ಒಂದೆರಡು ವಿಡಿಯೋಗಳಿವೆ. ಎಲ್ಲದರಲ್ಲೂ ಅವಳು ‘ನಂದು ತಗೀಬ್ಯಾಡ’ ಎಂದು ಸೆರಗು ಅಡ್ಡ ಹಿಡಿದು ಒಳಗೆ ಹೋಗುತ್ತಾಳೆ, ಅಷ್ಟೇ.

ಅಪ್ಪನಿಗೆ ಹೇಳುವುದು ಹೇಗೆ? ಧ್ವನಿ ಹೋಯಿತು ಎಂದರೆ ಯಾವಾಗ ಎಂದು ಕೇಳುತ್ತಾರೆ. ಅವರಿಗೆ ಕಿವಿ ಮಂದವೇ ಹೊರತು ತಲೆ ಚುರುಕು. ಗುಡುಗಿದ ದಿನಕ್ಕೆ ತಾಳೆ ಹಾಕಲು ಅವರಿಗೆ ಹೊತ್ತು ಬೇಕಾಗುವುದಿಲ್ಲ. ಹೆಂಡತಿಯ ಹಾಡನ್ನು ತನ್ನ ಕೈಯಾರೆ ಕಿತ್ತುಹಾಕಿದೆ ಎಂದು ತಿಳಿದ ಮೇಲೆ ಅವರು ಉಣ್ಣುವುದು, ನಿದ್ದೆ ಮಾಡುವುದು ಹೇಗೆ? ಕ್ಯಾಸೆಟ್ಟಿನಲ್ಲೇ ಧ್ವನಿ ಹಾಳಾಗಿತ್ತು ಎಂದು ಹೇಳುವುದೆಂದು ನಾನೂ ನನ್ನ ಹೆಂಡತಿಯೂ ಗೊತ್ತುಮಾಡಿಕೊಂಡೆವು. ಮೊದಲು ಚಿತ್ರ ತೋರಿಸಿ, ಆಮೇಲೆ ಮೆಲ್ಲಗೆ ಹೇಳುವುದು.

ಒಂದು ಭಾನುವಾರ ಸಂಜೆ ಹಾಕುತ್ತೇನೆ ಎಂದೆ. ಅಪ್ಪ ಅವತ್ತು ಎರಡನೇ ಸಲ ಸ್ನಾನ ಮಾಡಿ, ವಿಭೂತಿ ಇಟ್ಟು, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದು ಕೂತರು. ಕಿಟಕಿಗಳನ್ನು ತಾವೇ ಮುಚ್ಚಿದರು. ಸೀಲಿಂಗ್ ಫ್ಯಾನ್ ಆರಿಸಲು ಹೇಳಿದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಚಿತ್ರ ಬಂತು. ಹಸೆಮಣೆ, ಅಕ್ಕ, ಹೆಂಗಸರು. ಅಮ್ಮನ ತುಟಿ ಅಲುಗತೊಡಗಿತು.

‘ಸೌಂಡ್ ಕೊಡು’ ಎಂದರು ಅಪ್ಪ.

ರಿಮೋಟಿನ ಗುಂಡಿ ಒತ್ತಿದೆ. ಟಿವಿಯಲ್ಲಿ ಧ್ವನಿಯ ಗೆರೆ ಉದ್ದವಾಗುತ್ತಾ ಹೋಗಿ ತುದಿ ಮುಟ್ಟಿತು. ಅಪ್ಪ ಮುಂದಕ್ಕೆ ಬಾಗಿ, ಬಲಗಿವಿ ಕೊಟ್ಟರು. ಆಮೇಲೆ ಎಡಗಿವಿ. ಸ್ವಲ್ಪ ಹೊತ್ತು ಹಾಗೇ ಇದ್ದು, ಎದ್ದು ತಮ್ಮ ಕಪಾಟಿಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದರು. ನಾವು ಹಿಂದೆಂದೋ ಮಾಡಿಸಿಕೊಟ್ಟಿದ್ದ ಶ್ರವಣಯಂತ್ರ. ಕುಂಯ್ ಅನ್ನುತ್ತದೆ, ನಾನೇನು ಮುದುಕನೇ ಎಂದು ಬೈದು ಒಂದು ದಿನವೂ ಹಾಕಿಕೊಂಡಿರಲಿಲ್ಲ. ಈಗ ಅದನ್ನು ಕಿವಿಗೆ ತುರುಕಿಕೊಂಡು ಮತ್ತೆ ಕೂತರು.

‘ಮೊದ್ಲಿಂದ ಹಾಕು.’

ಹಾಕಿದೆ. ಕ್ಯಾಸೆಟ್ಟಿನ ವಿಷಯ ತೆಗೆಯಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು.

‘ನಿಂಗೆ ಕೇಳಿಸ್ತಾ ಐತಾ?’

ಇಲ್ಲ ಎನ್ನಬೇಕಾಗಿತ್ತು. ಕ್ಯಾಸೆಟ್ಟು ಹಾಳಾಗಿತ್ತು ಅಪ್ಪಾ ಎನ್ನಬೇಕಾಗಿತ್ತು. ಆ ಯಂತ್ರ ಸಿಕ್ಕಿಸಿಕೊಂಡ ಕಿವಿಯನ್ನೂ, ಆ ಷರಟನ್ನೂ ನೋಡಿ ಬಾಯಿ ಬರಲಿಲ್ಲ.

‘ಕೇಳಿಸ್ತಾ ಐತೆ ಅಪ್ಪಾ.’

‘ಬೇರೆ ಗಲಾಟೆ ಎಲ್ಲ ತೆಗ್ದಿದ್ದೀಯಲ್ಲ. ಬರೀ ಅವ್ಳ ದನಿ. ಅವ್ಳು ಮಾತಾಡೋದೇ ಅಷ್ಟು, ನಂಗೆಲ್ಲಿ ಸಿಕ್ಕೀತು’ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ, ‘ಚೆಂದಾಗ್ ಹಾಡ್ತಾವ್ಳಾ?’

‘ಚೆಂದಾಗ್ ಹಾಡ್ತಾವ್ಳೆ.’

‘ಏನಂತಾವ್ಳೆ?’

‘ಹಸೆಗ್ ಬಾ ಅಂತ ಅಕ್ಕನ್ನ ಕರೀತಾವ್ಳೆ. ಈಗೊಂದು ಸಾಲು ಮರ್ತೋದ್ಳು. ನಗ್ತಾವ್ಳೆ ನೋಡಿ.’

ಅಪ್ಪ ನಕ್ಕರು. ಶ್ರವಣಯಂತ್ರವನ್ನು ಕಿವಿಯಿಂದ ತೆಗೆದು ಡಬ್ಬಿಗೆ ಹಾಕಿ ಮುಚ್ಚಿದರು. ‘ನನ್ ಕಿವಿ ಪೂರ್ತಾ ಹೋಯ್ತು ಬುಡು. ನಿಮಗ್ ಕೇಳಿಸ್ತಲ್ಲ, ಸಾಕು. ಇನ್ನೊಂದ್ಸಲ ಹಾಕು. ನೀನೂ ಬಾಮ್ಮ, ಕೂತ್ಕೊ. ನೀವಿಬ್ರೂ ಕೇಳಿ.’

ಹೆಂಡತಿ ಬಂದು ನನ್ನ ಪಕ್ಕ ಕೂತಳು. ಮತ್ತೆ ಹಾಕಿದೆ. ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ. ಈ ಸಲ ಅಪ್ಪ ಟಿವಿಯ ಕಡೆ ನೋಡಲಿಲ್ಲ. ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡು, ಹಾಡು ಹೇಗಿದೆಯೆಂದು ನನ್ನ ಮುಖದಲ್ಲಿ ಹುಡುಕುತ್ತಾ ಕೂತರು. ಅಮ್ಮನ ತುಟಿ ನಿಲ್ಲುವವರೆಗೂ ನಾನು ತಲೆದೂಗುತ್ತಲೇ ಇದ್ದೆ.